ಕಲ್ಲಯ್ಯನ ಅಳತೆಕೋಲು

ಬಾಲಿಗೆ ಹೋಗಿ ಬಂದ ಬದರೀನಾರಾಯಣ ಮೇಷ್ಟ್ರು, ನಂಜನಗೂಡಿನ ಹೊಳೆ ಬದಿಯ ಸೈಟಿನಲ್ಲಿ ಅಲ್ಲಿಯ ಥರದ್ದೇ ಮನೆ ಬೇಕೆಂದು ಹಟ ಹಿಡಿದರು. ನಕ್ಷೆ ಬರೆದವಳು ನಾನು. ಹೆಂಚಿನ ಚಾವಣಿ, ಮರದ ಕಂಬ, ನಡುವೆ ಅಂಗಳ, ಅದರಲ್ಲೊಂದು ದೇವಕಣಗಿಲೆ ಗಿಡ, ಅಂಗಳದ ಮೇಲೆ ಗಾಜಿನ ಹೊದಿಕೆ. ಚಾವಣಿ ಏರಿಸಲು ಹತ್ತಿರದ ಹೆಡತಲೆ ಊರಿನಿಂದ ಬಂದವರು ಕಲ್ಲಯ್ಯ, ಅರವತ್ತೆಂಟರ ಬಡಗಿ.

ಅವರಿಗೆ ಮೊಬೈಲಿನಲ್ಲಿ ಬಾಲಿಯ ಮನೆಯ ಫೋಟೊ ತೋರಿಸಿದೆ. "ಇದ್ಯಾವ ದೇಸ ಅವ್ವಾ? ನಮ್ಮ ತೊಟ್ಟಿ ಮನೇನೆ ಕಣವ್ವ ಇದು" ಎಂದರು. ಐದು ವರ್ಷ ಆರ್ಕಿಟೆಕ್ಚರ್ ಓದಿ ಬಂದ ನನಗೆ ಒಳಗೊಳಗೇ ಉರಿಯಿತು.

ಹನ್ನೆರಡು ವರ್ಷದ ಹಿಂದೆ ಕಲ್ಲಯ್ಯ ತಮ್ಮ ಅಪ್ಪ ಕಟ್ಟಿದ್ದ ತೊಟ್ಟಿ ಮನೆಯನ್ನು ಕೈಯಾರೆ ಕೆಡವಿ ಆರ್‌ಸಿಸಿ ಹಾಕಿಸಿದ್ದರು. ಮಳೆ ಬಂದರೂ ಈಗ ಗೊತ್ತಾಗುವುದಿಲ್ಲ ಎಂದು ಅವರ ಹೆಂಡತಿ ಶಿವನಂಜಮ್ಮ ಇನ್ನೂ ಕೊರಗುತ್ತಿದ್ದರಂತೆ. ಸಾಯುವುದರೊಳಗೆ ಇನ್ನೊಂದು ತೊಟ್ಟಿ ಕಟ್ಟಿ ಅವಳಿಗೆ ತೋರಿಸಬೇಕು ಎಂದು ಕಲ್ಲಯ್ಯ ಊಟದ ಹೊತ್ತಿನಲ್ಲಿ ಹೇಳಿದ್ದರು. ನಾನು ಹೂಂಗುಟ್ಟಿ ಮರೆತಿದ್ದೆ.

ಗಾಜು ಬಂದ ದಿನ ಬಯಲಾಯಿತು, ಅಂಗಳ ಒಂದು ಮೊಳ ಚಿಕ್ಕದು. ಅಷ್ಟರಲ್ಲಿ ಕಂಬ ನಿಂತು, ಹೆಂಚೂ ಕೂತಿತ್ತು. ನಾನು ಬಾರದಿದ್ದ ವಾರ ಕಲ್ಲಯ್ಯ ಟೇಪು ಬಿಟ್ಟು ತಮ್ಮ ಅಪ್ಪನ ಅಳತೆಕೋಲು ಹಿಡಿದಿದ್ದರು. ಬಾಯಿಗೆ ಬಂದಂತೆ ಬೈದೆ. ಅಂಥ ಹಿರಿಯರನ್ನು ಹಾಗೆ ಬೈದದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಕಲ್ಲಯ್ಯ ಕೋಲು ಕೆಳಗಿಟ್ಟರು. "ತಪ್ಪಾಯ್ತು ಕಣವ್ವ. ಕೈ ನಮ್ಮ ತೊಟ್ಟಿ ಮನೆ ಅಳತೆಗೇ ಓಗ್ಬುಡ್ತು. ನಾಳೆ ಎಲ್ಲಾ ಬಿಚ್ತೀನಿ. ಇವತ್ತೊಂದ್ಸಲ ನಮ್ಮೋಳ್ನ ಕರ್ಕಂಡ್ಬಂದು ತೋರುಸ್ಲಾ?"

ಕರೆದುಕೊಂಡು ಬನ್ನಿ ಎಂದೆ.

ಸಂಜೆ ಶಿವನಂಜಮ್ಮ ಬರುವ ಹೊತ್ತಿಗೆ ಮೇಷ್ಟ್ರೂ ಸೈಟಿಗೆ ಬಂದಿದ್ದರು, ಮಳೆ ಹಿಡಿದಿತ್ತು. ನಾಲ್ಕೂ ಕಡೆಯ ಹೆಂಚಿನಿಂದ ನೀರು ಅಂಗಳಕ್ಕೆ ಸುರಿಯುತ್ತಿತ್ತು. ಅವರು ಸೆರಗಿನಲ್ಲಿ ತಲೆ ಒರೆಸಿಕೊಳ್ಳುತ್ತಾ ಬಂದು, ಯಾರನ್ನೂ ಕೇಳದೆ ಮೂಡಲ ಕಂಬಕ್ಕೆ ಒರಗಿ ಕೂತರು. ಕೆಳಗೆ ನೋಡದೆಯೇ ಕಾಲು ಚಾಚಿದರು. ಹೆಂಚಿನ ನೀರು ಸರಿಯಾಗಿ ಅವರ ಹೆಬ್ಬೆರಳಿನಿಂದ ಒಂದು ಗೇಣು ಆಚೆ ಬೀಳುತ್ತಿತ್ತು.

"ಇಲ್ಲೇ ಕೂತ್ಕಂಡು ಅಕ್ಕಿ ಕೇರ್ತಿದ್ದೆ ಕಣವ್ವ" ಎಂದರು ನನಗೆ.

ಕಲ್ಲಯ್ಯ ಗೋಡೆ ಕಡೆ ತಿರುಗಿ ನಿಂತಿದ್ದರು. ಮೇಷ್ಟ್ರು ಮೆಲ್ಲಗೆ, "ಗಾಜು ವಾಪಸ್ ಕಳಿಸಮ್ಮ" ಎಂದರು. ನಾನು ಬ್ಯಾಗಿನಿಂದ ನಕ್ಷೆ ತೆಗೆದು ಅಂಗಳವನ್ನು ಒಂದು ಮೊಳ ಚಿಕ್ಕದಾಗಿ ತಿದ್ದಿದೆ. ಮಳೆ ನಿಂತ ಮೇಲೂ ಶಿವನಂಜಮ್ಮ ಏಳಲಿಲ್ಲ. ನಾವು ಯಾರೂ ಏಳಿಸಲಿಲ್ಲ.