ಮೂರು ತಂತಿಯ ಟವರ್, ನಾಲ್ಕನೆಯ ಸ್ವರ

ತಕ್ಕಡಿಗೆ ಬಾರದ್ದನ್ನು ನಾನು ಕೊಳ್ಳುವವನಲ್ಲ, ಮಾರುವವನೂ ಅಲ್ಲ. ಸಾಂಗಲಿಯಲ್ಲಿ ದ್ರಾಕ್ಷಿ ಚಪ್ಪರಕ್ಕೆ ಬೇಕಾದ ತಂತಿ, ಕಬ್ಬಿಣದ ಆಂಗಲ್, ನಟ್ಟು-ಬೋಲ್ಟು ಮಾರಿ ಮೇಲೆ ಬಂದವನು. ಯಾರಾದರೂ ಅಂಗಡಿ ಕಟ್ಟೆಯ ಮೇಲೆ ಕೂತು ದೆವ್ವ, ಶಕುನ ಎಂದು ಶುರುಮಾಡಿದರೆ ಚಹಾ ಕುಡಿಸಿ ಕಳಿಸುತ್ತಿದ್ದೆನೇ ಹೊರತು ನಂಬುತ್ತಿರಲಿಲ್ಲ. ಆದ್ದರಿಂದ ಈಗ ನಾನು ಹೇಳುವುದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ಚೌಕಾಶಿ ಮಾಡುತ್ತಿದ್ದೆ.

ನನಗಿರುವುದು ಒಂದೇ ಚಟ, ಹ್ಯಾಮ್ ರೇಡಿಯೋ. ಪರೀಕ್ಷೆ ಬರೆದು, ಲೈಸೆನ್ಸು ಪಡೆದು, ಮನೆಯಲ್ಲಿ ಕೂತೇ ದೂರದೂರದ ಹವ್ಯಾಸಿಗಳೊಂದಿಗೆ ಮಾತಾಡುವುದು. ಸಾಂಗಲಿ-ಮಿರಜ ರಸ್ತೆಯ ಒಂದು ಒಳಗಲ್ಲಿಯಲ್ಲಿ ಸ್ವಂತ ಮನೆ ಕಟ್ಟಿದ ಮೇಲೆ ಹಿತ್ತಲಲ್ಲಿ ಐವತ್ತು ಅಡಿಯ ಟವರ್ ನಿಲ್ಲಿಸಿದೆ. ಹಳೆಯ ಕಬ್ಬಿಣದ ಬಜಾರಿನಲ್ಲಿ ಮೂರು ವಾರ ಅಲೆದು, ಒಂದೊಂದು ತುಂಡನ್ನೂ ಸುತ್ತಿಗೆಯಿಂದ ಬಡಿದು ನೋಡಿ ತಂದ ಮಾಲು. ಅದರ ಬುಡದಲ್ಲೇ ನಮ್ಮ ಅಡುಗೆಮನೆ.

“ಅದು ಬಿದ್ರ ಅಡಗಿಮನ್ಯಾಗ ನಾ ಇರತೀನ್ರಿ, ನೀವಲ್ಲ,” ಎಂದಳು ಹೆಂಡತಿ ಸುಜಾತಾ.

“ಬೀಳೂದಿಲ್ಲ. ನನ್ನ ಮಾತ ಐತಿ,” ಎಂದೆ.

“ಗಿರಾಕಿಗೂ ಹಿಂಗ ಹೇಳತೀರಿ.”

ಇಂಥ ಸಪೂರ ಟವರ್ ತನ್ನ ಕಾಲ ಮೇಲೆ ತಾನು ನಿಲ್ಲುವುದಿಲ್ಲ. ಲೈಟಿನ ಕಂಬಕ್ಕಿರುವಂತೆ ಸುತ್ತ ಎಳೆದು ಕಟ್ಟಿದ ಸ್ಟೇ ತಂತಿಗಳೇ ಅದನ್ನು ಹಿಡಿದಿರುತ್ತವೆ. ನಾಲ್ಕು ಕಡೆಗೆ ನಾಲ್ಕು ತಂತಿ ಎಂದು ಲೆಕ್ಕ ಹಾಕಿದ್ದೆ. ನಾಲ್ಕನೆಯದರ ಗೂಟ ಮಾತ್ರ ಗೋಡೆಯಾಚೆ, ಗಲ್ಲಿಯವರೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಅಕ್ಕೂತಾಯಿಯ ಅಂಗಳದಲ್ಲಿ ಬೀಳಬೇಕಿತ್ತು. ಲಿಂಗನೂರಿನಿಂದ ಬಂದು ಎರಡು ಆಡು ಸಾಕಿಕೊಂಡಿರುವ ಹೆಂಗಸು. ಆಕೆಯನ್ನು ಕೇಳಲು ಹೋದವನು ಮಾತು ಬಾಯಿಗೆ ಬರುವ ಮೊದಲೇ ವಾಪಸು ಬಂದೆ. ತನಗೆ ಬೇಕೇಬೇಕೆಂಬ ಗರಜು ತೋರಿಸಿದವನು ಸೋತಂತೆ ಎಂಬುದು ನಾನು ಪೇಟೆಯಲ್ಲಿ ಕಲಿತ ಪಾಠ. ಮೂರೇ ಸಾಕೆಂದುಕೊಂಡು ಒಂದನ್ನು ಮನೆಯ ಕಡೆಗೂ ಉಳಿದೆರಡನ್ನು ಮಾವಶಿಯ ಗೋಡೆಯ ಎರಡು ಮೂಲೆಗಳಿಗೂ ಎಳೆದೆ.

ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು. ತಂತಿ ಬಿಗಿಯುವ ಟರ್ನ್‌ಬಕಲ್ ಎಂಬ ತಿರುಪನ್ನು ಕವಲಾಪುರದ ದ್ರಾಕ್ಷಿ ತೋಟಗಳಲ್ಲಿ ನೂರಾರು ಕೂಡಿಸಿದವನು ನಾನು. ಚಪ್ಪರದಲ್ಲಿ ಒಮ್ಮೆ ತಿರುವಿ ಬಿಟ್ಟರೆ ಮುಗಿಯಿತು. ಇಲ್ಲಿಯೂ ಹಾಗೆಯೇ ಮಾಡಿದೆ. ಆದರೆ ಚಪ್ಪರ ಅಲುಗುವುದಿಲ್ಲ, ಟವರ್ ಹಗಲಿರುಳು ಅಲುಗುತ್ತದೆ. ಅಲುಗುತ್ತ ಅಲುಗುತ್ತ ತಿರುಪು ತಾನೇ ಬಿಚ್ಚಿಕೊಳ್ಳುತ್ತದೆ. ಟವರ್ ಹಾಕುವವರು ಯಾರಾದರೂ ಇದನ್ನು ಓದುತ್ತಿದ್ದರೆ ಕೇಳಿ: ತಿರುಪಿನ ಹೊಟ್ಟೆಯೊಳಗಿಂದ ಒಂದು ತುಂಡು ತಂತಿ ಹಾಯಿಸಿ ಎರಡೂ ತುದಿಗೆ ಸುತ್ತಿಬಿಡಿ. ಮತ್ತೆ ತಿರುಗುವುದಿಲ್ಲ. ಇಷ್ಟು ಸಣ್ಣ ಕೆಲಸವನ್ನು ನಾನು ಮಾಡಿರಲಿಲ್ಲ.

ಟವರ್ ನೋಡಲು ಬಂದವರಲ್ಲಿ ಮಿರಜಿನ ಬಶೀರಚಾಚಾ ಒಬ್ಬರು. ತಂಬೂರಿ ಮಾಡುವ ಮನೆತನ. ಅಪ್ಪನ ಕಾಲದ ಸ್ನೇಹ. ಚಹಾದ ಕಪ್ಪು ಗೋಡೆಯ ಮೇಲಿಟ್ಟು, ಮೂರೂ ತಂತಿಗಳನ್ನು ಉಗುರಿನಿಂದ ಮಿಡಿದು, ಟವರಿನ ಕಬ್ಬಿಣಕ್ಕೆ ಕಿವಿ ಹಚ್ಚಿದರು.

“ಖರ್ಜ ಎಲ್ಲೈತಿ ಬೇಟಾ? ಎಲ್ಲಾಕಿಂತ ದಪ್ಪ ದನಿಯ ನಾಲ್ಕನೇ ತಂತಿ?”

“ಚಾಚಾ, ಇದು ತಂಬೂರಿ ಅಲ್ಲರಿ.”

“ಅದು ನಿನಗ ಗೊತ್ತೈತಿ. ತಂತಿಗೆ ಗೊತ್ತಿಲ್ಲ,” ಎಂದು ಚಹಾ ಮುಗಿಸಿದರು. ಅವರು ಹೋದ ಮೇಲೆ ನಾನೂ ಸುಜಾತಾಳೂ ಬಹಳ ನಕ್ಕೆವು.

ಮೇ ತಿಂಗಳ ಒಂದು ಮಧ್ಯಾಹ್ನ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಅಂಗಡಿಗೆ ರಜೆ ಇತ್ತು. ಕರೆಂಟು ಹೋಗಿತ್ತು, ಫ್ಯಾನು ಇಲ್ಲ, ರೇಡಿಯೋ ಬಂದ್. ಹಗ್ಗದ ಮೇಲಿನ ಬಟ್ಟೆಯ ತುದಿ ಕೂಡ ಅಲುಗದ ಸೆಕೆ. ಮೇಲಿನ ಕೋಣೆಯಲ್ಲಿ ಕೂತಿದ್ದೆ. ತಂಬೂರಿ ಕೇಳಿಸಿತು. ಮೂರು ಸಣ್ಣ ದನಿ, ಆಮೇಲೆ ಒಂದು ದಪ್ಪ ದನಿ. ಸ್ವಲ್ಪ ಬಿಡುವು. ಮತ್ತೆ ಮೂರು, ಮತ್ತೆ ಒಂದು.

ಕೆಳಗಿಳಿದು ಅಡುಗೆಮನೆಗೆ ಹೋದೆ. ಸುಜಾತಾ ತಣ್ಣನೆಯ ನೆಲದ ಮೇಲೆ ಅಡ್ಡಾಗಿದ್ದಳು. ಕೇಳಿಸಿತೇ ಎಂದೆ.

“ರೇಡಿಯೋ ನಿಮ್ಮ ಕಿವ್ಯಾಗ ಹೊಕ್ಕೈತಿ. ಮಲಕೋರಿ,” ಎಂದು ಮಗ್ಗುಲಾದಳು.

ಸಣ್ಣ ದನಿಗಳು ಎಲ್ಲಿಂದ ಬರುತ್ತಿದ್ದವೋ ತಿಳಿಯಲಿಲ್ಲ. ದಪ್ಪ ದನಿ ಮಾತ್ರ ಸ್ಪಷ್ಟವಾಗಿ ಮಾವಶಿಯ ಅಂಗಳದಿಂದ ಬರುತ್ತಿತ್ತು. ಯಾರೋ ಏಕತಾರಿಯವರು ಬಂದಿರಬೇಕೆಂದು ಗೋಡೆ ಸುತ್ತಿ ಹೋದೆ. ಅಲ್ಲಿ ಯಾರೂ ಇರಲಿಲ್ಲ. ಎರಡೂ ಆಡುಗಳು ಮೆಲುಕು ನಿಲ್ಲಿಸಿ, ಕಿವಿ ನಿಮಿರಿಸಿ ಅಂಗಳದ ನಡುವಿನ ಬರಿ ನೆಲವನ್ನೇ ನೋಡುತ್ತಿದ್ದವು. ನಾನು ಆ ಜಾಗಕ್ಕೆ ಹೋಗಿ ನಿಂತೆ. ದನಿ ನಿಂತುಹೋಯಿತು.

“ಏನ ಕಳಕೊಂಡಿಯಪಾ, ಆಡಿನ ಮುಂದ ನಿಂತಿ?” ಮಾವಶಿ ಬಾಗಿಲಿಂದ ಕೇಳಿದಳು.

ಉತ್ತರ ಕೊಡಲು ತಿರುಗಿದವನಿಗೆ ಟವರ್ ಕಂಡಿತು. ಅದು ಅಡುಗೆಮನೆಯ ಕಡೆಗೆ ಬಾಗಿತ್ತು. ನಮ್ಮ ಹಿತ್ತಲಿನಿಂದ ನೋಡಿದರೆ ನೀರಿನ ಟಾಕಿ ಅಡ್ಡ. ಮನೆಯೊಳಗಿಂದ ಕಾಣುವ ಮಾತೇ ಇಲ್ಲ. ಆ ಬಾಗು ಕಾಣುವ ಜಾಗ ಅದೊಂದೇ. ಪಡುವಣದಲ್ಲಿ ಮೋಡ ಕಪ್ಪಾಗಿ ಏಳುತ್ತಿತ್ತು.

ಓಡಿದೆ. ಟಾಕಿಯ ಹಿಂದಿನ ಮೂಲೆಯ ತಂತಿ ಜೋತುಬಿದ್ದಿತ್ತು. ತಿರುಪು ಬಿಚ್ಚಿಕೊಳ್ಳುತ್ತ ಕೊನೆಯ ಎರಡೇ ಸುತ್ತಿನ ಎಳೆಯ ಮೇಲೆ ನಿಂತಿತ್ತು. ಸುಜಾತಾಳನ್ನು ಕೂಗಿ ಹೊರಗೆ ಕರೆದೆ. ನನ್ನ ಕೂಗಿಗೆ ಮಾವಶಿಯೂ ಸೀರೆಯ ಕಚ್ಚೆ ಬಿಗಿದು ಬಂದಳು. ಟವರ್ ಬಾಗಿದ್ದಕ್ಕೆ ಎದುರು ಬದಿಗೆ ದೂರ ನಿಂತು ಇಬ್ಬರೂ ಗೋಣಿತಟ್ಟು ಸುತ್ತಿ ತಂತಿ ಹಿಡಿದೆಳೆದರು, ನಾನು ತಿರುವಿದೆ.

“ಬೀಳೂದಿಲ್ಲ ಅಂದಿದ್ರಲ್ಲ, ಮಾತ ಐತಿ ಅಂದಿದ್ರಲ್ಲ!” ಸುಜಾತಾ ಹಲ್ಲು ಕಚ್ಚಿಕೊಂಡೇ ಬೈದಳು.

“ಬೈಯೂದು ಆಮ್ಯಾಲೆ, ಮೊದಲ ಜಗ್ಗವಾ!” ಎಂದಳು ಮಾವಶಿ.

ತಿರುಪಿನ ಎಳೆಗಳೆಲ್ಲ ಒಳಗೆ ಹೋದವು. ಮಿಕ್ಕ ಎರಡನ್ನೂ ಬಿಗಿದು, ಮೂರಕ್ಕೂ ತಂತಿ ಹಾಯಿಸಿ ಸುತ್ತಿ, ಕೆಳಗಿಂದ ನೋಡಿದೆ: ಟವರ್ ನೆಟ್ಟಗೆ ನಿಂತಿತ್ತು. ಅರ್ಧ ತಾಸಿನಲ್ಲಿ ಗಾಳಿ ಬಂತು. ಧೂಳು ಬಂತು, ಆಲಿಕಲ್ಲು ಬಂತು. ಗಲ್ಲಿಯ ತುದಿಯ ಒಂದು ತಗಡು ಗಾಳಿಪಟದಂತೆ ಹಾರಿಹೋಯಿತು. ಮಾವಶಿಯ ಪಡಸಾಲೆಯಲ್ಲಿ ಆಡುಗಳ ನಡುವೆ ನಿಂತು ನಾವು ಮೂವರೂ ನೋಡಿದೆವು. ಟವರ್ ತೂಗಿತು, ನರಳಿತು, ಬೀಳಲಿಲ್ಲ. ಮಾವಶಿ ತೊಡೆ ತಟ್ಟಿ, “ನಿಂತತಲ್ಲೋ ಭಾಡ್ಯಾ!” ಎಂದು ಕೂಗಿದಳು. ಆ ಬೈಗುಳ ನನಗೋ ಟವರಿಗೋ ಇವತ್ತಿಗೂ ಕೇಳಿಲ್ಲ. ಯಾರಿಗೇ ಆಗಿರಲಿ, ಅದು ಸನ್ಮಾನವೇ. ಆ ಸಂಜೆ ಬ್ಯಾಟರಿಯ ಮೇಲೆ ರೇಡಿಯೋ ಹಚ್ಚಿದರೆ ಸಮುದ್ರದಾಚೆಯ ದನಿ ಪಕ್ಕದ ಕೋಣೆಯಲ್ಲಿ ಮಾತಾಡಿದಷ್ಟು ಸ್ವಚ್ಛ. ಅಷ್ಟು ಹಿಗ್ಗಿದ ದಿನ ನನಗೆ ಇನ್ನೊಂದಿಲ್ಲ.

ಮರುದಿನ ಮಾವಶಿಯ ಮುಂದೆ ಹೋಗಿ ಗರಜಿನವನಾಗಿಯೇ ಕೂತೆ. ಗೂಟಕ್ಕೆ ಜಾಗ ಕೊಟ್ಟಳು, ತಂತಿಯ ಮೇಲೆ ಹೀರೆಬಳ್ಳಿ ಹಬ್ಬಿಸುವ ಕರಾರಿನ ಮೇಲೆ. ಆಳೆತ್ತರಕ್ಕಿಂತ ಮೇಲೆ ಬೇಡವೆಂದು ಒಪ್ಪಿಸುವಷ್ಟರಲ್ಲಿ ನನಗೆ ಬೆವರು ಬಂತು. ಇಂಥವಳು ಪೇಟೆಯಲ್ಲಿ ಅಂಗಡಿ ಇಟ್ಟಿದ್ದರೆ ನನ್ನ ಗತಿ ಏನಾಗುತ್ತಿತ್ತೋ.

ಗೂಟವನ್ನು ಅಳೆದು ಹೊಡೆದದ್ದು ಆಡುಗಳು ಅಂದು ನೋಡುತ್ತಿದ್ದ ಬರಿ ನೆಲದಲ್ಲೇ. ತಂತಿ ಬಿಗಿದ ದಿನ ಬಶೀರಚಾಚಾರನ್ನು ಕರೆಸಿದೆ. ನಾಲ್ಕನೆಯದು ಎಲ್ಲಕ್ಕಿಂತ ಉದ್ದ. ಅವರು ಅದನ್ನು ಮಿಡಿದರು. ಮೇ ತಿಂಗಳ ಆ ಮಧ್ಯಾಹ್ನದ ಅದೇ ದಪ್ಪ ದನಿ. ತಿರುಪು ಬಿಗಿಯುತ್ತಿದ್ದ ಪಾನಾ ನನ್ನ ಕೈಯಿಂದ ಕೆಳಗೆ ಬಿತ್ತು.

“ಇದನ್ನ ಕೇಳಿದ್ದೇನು?” ಎಂದರು. ಹೌದೆಂದು ತಲೆಯಾಡಿಸಿದೆ. ಅವರು ನಗಲಿಲ್ಲ.

ಕಾರಣ ಹುಡುಕದೆ ಬಿಟ್ಟವನಲ್ಲ ನಾನು. ಬಿಸಿಲಿಗೆ ಕಬ್ಬಿಣ ಹಿಗ್ಗಿತು ಎನ್ನೋಣ, ಮಿರಜಿನ ರೈಲಿನ ನಡುಕ ಎನ್ನೋಣ. ರೇಡಿಯೋದಲ್ಲಿ ಸಿಗುವ ಒಬ್ಬ ಇಂಜಿನಿಯರ್ ಗೆಳೆಯ, ಗಾಳಿಯಿಲ್ಲದೆ ತಂತಿ ಹಾಡುವುದಿಲ್ಲ, ಸಡಿಲಾದದ್ದಂತೂ ದನಿಯೇ ಕೊಡುವುದಿಲ್ಲ ಎಂದ. ಹಾಗಾದರೆ ಅಂದು ಮಿಡಿಯಬಲ್ಲ ತಂತಿ ಎರಡೇ. ನಾನು ಕೇಳಿದ್ದು ನಾಲ್ಕು ದನಿ.

ಅಲ್ಲಿಂದೀಚೆಗೆ ಎಷ್ಟೋ ಮಳೆಗಾಲ ದಾಟಿ ಟವರ್ ನಿಂತಿದೆ. ಹೀರೆಕಾಯಿ ಪ್ರತಿವರ್ಷ ನಮ್ಮ ಮನೆಗೂ ಬರುತ್ತದೆ. ವಾರಕ್ಕೊಮ್ಮೆ ತಿರುಪುಗಳನ್ನು ನೋಡಲು ಹೋದಾಗ ಮೊದಲು ಮಾವಶಿಯ ಅಂಗಳದ ತಂತಿಯನ್ನೇ ಮಿಡಿಯುತ್ತೇನೆ. ಅದೇ ದನಿ. ಮೊದಲ ಸಲ ಆ ದನಿ ಕೇಳಿದ ದಿನ ಈ ತಂತಿ ನನ್ನ ಅಂಗಡಿಯ ಗೋದಾಮಿನಲ್ಲಿ, ಕತ್ತರಿಸದ ಸುರುಳಿಯೊಳಗೆ, ಯಾರಿಗೂ ಮಾರದೆ ಬಿದ್ದಿತ್ತು.