ಅಕ್ಕನ ಪ್ರೋಟೀನು, ನನ್ನ ಇಂಗ್ಲಿಷು

ಆ ಕುಕ್ಕರಿನ ಸೀಟಿ ಇವತ್ತಿಗೂ ನನ್ನ ಕಿವಿಯಲ್ಲಿದೆ. ಹೊನ್ನಾವರದ ಮನೆಯಲ್ಲಿ ಅದು ಕೂಗಿದಾಗಲೆಲ್ಲ ಅಕ್ಕ ಸ್ಟೂಲಿನ ಮೇಲೆ ಗೇಣುದ್ದ ಹಾರುತ್ತಿದ್ದಳು.

"ಎಂತದೇ, ಅತ್ತೆ ಕೂಗಿದ ಹಾಗೆ ಹಾರ್ತಿಯಲ್ಲೇ?" ಎಂದು ನಾನು ಕೆಣಕುತ್ತಿದ್ದೆ.

"ಅತ್ತೆ ಇಷ್ಟು ಮೆಲ್ಲಗೆ ಎಲ್ಲಿ ಕೂಗ್ತಿದ್ರು!" ಎಂದು ಅವಳೂ ನಗುತ್ತಿದ್ದಳು.

ಅದು ಕಾಯಿಲೆಯೆಂದು ಯಾರಿಗೆ ಹೊಳೆಯಬೇಕು? ಎರಡೇ ತಿಂಗಳಲ್ಲಿ, ಜೀವಮಾನವಿಡೀ ಮಗ್ಗಿ ಕಲಿಸಿದ ಟೀಚರ್ ಅಕ್ಕ ಏಳರ ಮಗ್ಗಿಯಲ್ಲಿ ತಡವರಿಸಿದಳು, ನಡೆಯುವಾಗ ಓಲಾಡತೊಡಗಿದಳು. ಮಂಗಳೂರಿನ ಡಾಕ್ಟರ್ "ಪ್ರಿಯಾನ್" ಎಂದರು. ಎಲ್ಲರ ಮಿದುಳಲ್ಲೂ ಇರುವ ಒಂದು ಪ್ರೋಟೀನು ಅಕ್ಕನಲ್ಲಿ ಕಾರಣವಿಲ್ಲದೆ ತಪ್ಪಾಗಿ ಮಡಚಿಕೊಂಡಿದೆ. ಪಕ್ಕದ್ದನ್ನೂ ತನ್ನ ಹಾಗೇ ಮಡಚುತ್ತ ಮಿದುಳನ್ನು ಸ್ಪಂಜಿನಂತೆ ತೂತು ಮಾಡುತ್ತಿದೆ. ಔಷಧಿಯಿಲ್ಲ, ಇನ್ನು ಕೆಲವೇ ತಿಂಗಳು. ಇದನ್ನು ಇನ್‌ಫೆಕ್ಷಿಯಸ್ ಪ್ರೋಟೀನ್ ಅನ್ನುತ್ತಾರೆ, ಆದರೆ ಮುಟ್ಟಿದರೆ, ಜೊತೆಗೆ ಉಂಡರೆ ಬರುವುದಿಲ್ಲ ಎಂದೂ ಹೇಳಿದರು.

ಪಕ್ಕದ ಮನೆಯವಳು ಏನು ಕಾಯಿಲೆ ಎಂದು ಕೇಳಿದಾಗ, ಕಾನ್ವೆಂಟಿನ ಸಿಸ್ಟರುಗಳು ತಿದ್ದಿದ ಉಚ್ಚಾರದಲ್ಲಿ "ಇನ್‌ಫೆಕ್ಷಿಯಸ್ ಪ್ರೋಟೀನ್" ಎಂದೆ. ಮುಟ್ಟಿದರೆ ಬರುವುದಿಲ್ಲ ಎಂಬ ಉಳಿದರ್ಧ ನನ್ನ ಗತ್ತಿನಲ್ಲೇ ಉಳಿಯಿತು. ದಿನಾ ಮಧ್ಯಾಹ್ನ ಅಕ್ಕನ ಹತ್ತಿರ ಹರಟೆಗೆ ಬರುತ್ತಿದ್ದವಳು ಮರುದಿನ ಮೀನುಸಾರಿನ ಪಾತ್ರೆಯನ್ನು ಗೇಟಿನಲ್ಲೇ ಇಟ್ಟು ಹೋದಳು.

"ಅವಳಿಗೆ ನನ್ನ ಮೇಲೆ ಸಿಟ್ಟಾ?" ಅಕ್ಕ ವಾರವಿಡೀ ಬಾಗಿಲು ನೋಡುತ್ತ ಕೇಳಿದಳು. ಮನುಷ್ಯರ ಗುರುತು ಉಳಿದಿದ್ದ ಕೊನೆಯ ದಿನಗಳವು. ಅವನ್ನೂ ನಾನೇ ಹಾಳು ಮಾಡಿದ್ದೆ.

ಪಕ್ಕದ ಮನೆಗೆ ಹೋಗಿ ತಪ್ಪೊಪ್ಪಿಕೊಂಡೆ, ಅದು ಅಂಟುವುದಿಲ್ಲ ಎಂದೆ.

"ಅಂಟೂದಿಲ್ಲ ಅಂದ್ರೆ, ಅಕ್ಕೋರ ತಟ್ಟೇಲಿ ನೀವು ಉಣ್ಣಿ ನೋಡ್ವ," ಎಂದಳು. ನಾನು ಎಂಜಲೆಂದರೆ ಮೂಗು ಮುರಿಯುವವಳು, ದೋಸೆಗೂ ಫೋರ್ಕ್ ಹುಡುಕುವವಳು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ನನ್ನ ಹಿಂದೆಯೇ ಬಂದು ನಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅಕ್ಕ ಅರ್ಧ ಉಂಡು ಬಿಟ್ಟ ಗಂಜಿಯನ್ನು ಅದೇ ತಟ್ಟೆಯಿಂದ ಕೈಯಲ್ಲೇ ಬಳಿದು ಉಂಡೆ.

"ಆತು ಬಿಡಿ. ಇದನ್ನ ಕನ್ನಡದಾಗೆ ಹೇಳೂಕೆ ಎಂತಾಗಿತ್ತು ನಿಮ್ಗೆ?" ಎನ್ನುತ್ತ ಒಳಗೆ ಬಂದು ಮಂಚದ ಮೇಲೆ ಕೂತಳು. ಅಕ್ಕ ಅವಳ ಸೆರಗು ಹಿಡಿದುಕೊಂಡಳು.

ನಡುವೆ ನನ್ನೂರಿಗೆ ಹೋಗಿ ಮರಳಿ ಬಂದು ನಾನು ಅಕ್ಕನನ್ನು ಕೊನೆಯ ಸಲ ಕಂಡಾಗ ಅವಳಿಗೆ ಮಾತಿರಲಿಲ್ಲ, ನನ್ನ ಗುರುತೂ ಹತ್ತಲಿಲ್ಲ. ಪಕ್ಕದ ಮನೆಯವಳು ಅವಳ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಸಿಕ್ಕು ಬಿಡಿಸುತ್ತಿದ್ದಳು. "ಅಕ್ಕೋರೆ, ನಿಮ್ಮ ಇಂಗ್ಲಿಷ್ ತಂಗಿ ಬಂದ್ರು ನೋಡಿ," ಎಂದಳು. ಅಕ್ಕ ನೋಡಲಿಲ್ಲ. ಆ ಮಡಿಲಿನಿಂದ ಅವಳನ್ನು ಎಬ್ಬಿಸಲು ಮನಸ್ಸಾಗದೆ ನಾನು ಕಾಲ ಬಳಿ ಕೂತೆ.