ಶ್ಯಾವಿಗೆ ಗಾಡಿಯಲ್ಲಿ ಸಿಕ್ಕ ಬೀಗರು

ತಿ. ನರಸೀಪುರದ ಬಸ್‌ ನಿಲ್ದಾಣದ ಹಿಂದಿನ ಗಾಡಿಯಲ್ಲಿ ಒತ್ತುಶ್ಯಾವಿಗೆಗೆ ಹಂದಿ ಬೋಟಿ ಗೊಜ್ಜು ಕಲಸಿ ಆಗಷ್ಟೇ ಬಾಯಿಗಿಟ್ಟಿದ್ದೆ. ಎದುರಿನ ಬೆಂಚಿಗೆ ಬಂದು ಕೂತವರು ನನ್ನ ಮಗಳನ್ನು ನೋಡಿಹೋಗಿದ್ದ ಹುಡುಗನ ತಂದೆ. ನಂಜನಗೂಡಿನ ನಮ್ಮ ಮನೆಯಲ್ಲಿ ಅವರಿಗೆ ಶ್ಯಾವಿಗೆ, ಕಾಯಿಹಾಲು ಬಡಿಸಿ, “ಹಂದಿ ಮಾಂಸ ನಮ್ಮ ಹೊಸಿಲು ದಾಟಿಲ್ಲ” ಎಂದು ಬೀಗಿದ್ದೆ. “ನಮ್ಮಲ್ಲೂ ಅಷ್ಟೇ ಕಣ್ರೀ ಮೇಷ್ಟ್ರೇ” ಎಂದಿದ್ದರು ಅವರು. ಒಪ್ಪಿಗೆಯ ಸುದ್ದಿಗಾಗಿ ಎದುರುಮನೆಯ ಫೋನಿನ ಕಡೆ ಕಿವಿಯಿಟ್ಟು ವಾರ ಕಳೆದಿತ್ತು.

ಸಂಬಂಧ ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಶ್ಯಾವಿಗೆಯ ಎಳೆಗಳು ಗಲ್ಲದವರೆಗೆ ಜೋತಾಡುತ್ತಿದ್ದವು. ಒಳಗೆಳೆದುಕೊಳ್ಳಲು ಧೈರ್ಯವಿಲ್ಲ, ಕಚ್ಚಿ ಬಿಡಲು ಮನಸ್ಸಿಲ್ಲ.

ಅಷ್ಟರಲ್ಲಿ ಗಾಡಿಯ ಹೆಂಗಸು ಏನು ಬೇಕೆಂದು ಕೇಳದೆಯೇ ಅವರ ಮುಂದೆಯೂ ಅಂಥದ್ದೇ ತಟ್ಟೆ ಇಟ್ಟಳು. ಅವರು ತಟ್ಟೆಯನ್ನೂ ನನ್ನನ್ನೂ ಒಮ್ಮೆ ನೋಡಿದರು.

“ಅಕ್ಕಾ, ನಮ್ ಬೀಗ್ರಿಗೆ ಇನ್ನೊಂದ್ ಸೌಟು ಬೋಟಿ ಆಕು. ಬರೀ ಶ್ಯಾವ್ಗೆ ತಿಂತಾವ್ರೆ” ಎಂದರು. ಅಲ್ಲಿಯವರೆಗೆ ನಾನು ಅವರಿಗೆ ಬರೀ ಮೇಷ್ಟ್ರು.

ಜಾತಕ ಚೆನ್ನಾಗಿ ಕೂಡಿತ್ತು ಎಂದು ನನ್ನ ಹೆಂಡತಿ ಇಂದಿಗೂ ಹೇಳುತ್ತಾಳೆ, ನಾನು ಹೂಂ ಎನ್ನುತ್ತೇನೆ. ಬೀಗರು ಬಂದಾಗಲೆಲ್ಲ ಅವಳು ಶ್ಯಾವಿಗೆಗೆ ಕಾಯಿಹಾಲು ಬಡಿಸುತ್ತಾಳೆ. ನಾವಿಬ್ಬರೂ ತಲೆ ತಗ್ಗಿಸಿ ಉಣ್ಣುತ್ತೇವೆ.